ಕಂಚಿನ ಅಣಬೆ

ಜನವರಿ 6

ಅಪ್ಪನಿಗೆ,

ಆರು ವರ್ಷದ ಮೇಲೆ ನಿಮಗೆ ನೇರವಾಗಿ ಬರೆಯುತ್ತಿದ್ದೇನೆ. ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಹರಿದು ಹಾಕಿಲ್ಲವಾದರೆ ಮುಂದೆ ಓದಿ.

ಬಂದರು ಕಚೇರಿಯ ನೋಟೀಸಿನ ವಿಷಯ ಅಮ್ಮ ಫೋನಿನಲ್ಲಿ ಹೇಳಿದಳು. ಏಪ್ರಿಲ್‌ನಿಂದ ಅಳಿವೆಯಲ್ಲಿ ಜನರನ್ನು ದಾಟಿಸುವ ಪ್ರತಿ ದೋಣಿಯಲ್ಲೂ ನೀರಿನ ಆಳ ತೋರಿಸುವ ಸೋನಾರ್ ಇರಲೇಬೇಕಂತೆ, ಇಲ್ಲದಿದ್ದರೆ ಪರವಾನಗಿ ರದ್ದಂತೆ. ಮಾರ್ಚ್ ಕೊನೆಯಲ್ಲಿ ಅಧಿಕಾರಿ ದೋಣಿ ಹತ್ತಿ ಪರೀಕ್ಷೆ ಮಾಡುತ್ತಾರಂತೆ. ನೀವು ಆ ನೋಟೀಸನ್ನು ಮಡಚಿ, ಗಾಳಿ ಬಾರದ ಹಾಗೆ ಕಿಟಕಿಯ ಸಂದಿಗೆ ತುರುಕಿದ್ದೀರಂತೆ.

ಇಲ್ಲಿ ನನ್ನ ಕೆಲಸವೇ ಅದು. ದೋಣಿಗಳಿಗೆ ಟ್ರಾನ್ಸ್‌ಡ್ಯೂಸರ್ ಕೂರಿಸುತ್ತೇನೆ. ದೋಣಿಯ ತಳದಲ್ಲಿ ಕೂರುವ ಸಣ್ಣ ಸಾಧನ ಅದು. ಕೆಳಕ್ಕೆ ಒಂದು ಸದ್ದು ಕಳಿಸುತ್ತದೆ, ಆ ಸದ್ದು ನೆಲಕ್ಕೆ ತಾಕಿ ಹಿಂದಿರುಗುವುದನ್ನು ಕೇಳಿಸಿಕೊಳ್ಳುತ್ತದೆ, ಹೋಗಿ ಬರಲು ಎಷ್ಟು ಹೊತ್ತಾಯಿತೆಂಬ ಲೆಕ್ಕದಿಂದ ಆಳವನ್ನು ಪರದೆಯ ಮೇಲೆ ಅಂಕಿಯಲ್ಲಿ ತೋರಿಸುತ್ತದೆ. ನನ್ನ ಬಳಿ ಒಂದಿದೆ. ಬೇಕೆಂದರೆ ಕಳಿಸುತ್ತೇನೆ.

ಇಷ್ಟೇ ವಿಷಯ. ಆರೋಗ್ಯ ನೋಡಿಕೊಳ್ಳಿ.

ನಿಮ್ಮ ಮಗಳು


ಜನವರಿ 15

ಮಗಳಿಗೆ,

ಕಾಗದ ಹರಿಯಲಿಲ್ಲ. ನೋಟೀಸೂ ಈಗ ಕಿಟಕಿಯಲ್ಲಿಲ್ಲ. ನಿನ್ನ ಅಮ್ಮ ಅದನ್ನು ಕಿತ್ತು ತೆಗೆದು, ಗಿರಾಕಿಗಳ ಬಟ್ಟೆಯ ಜೊತೆಗೆ ಇಸ್ತ್ರಿ ಮಾಡಿ, ನನ್ನ ತಟ್ಟೆಯ ಪಕ್ಕದಲ್ಲಿ ಇಟ್ಟಿದ್ದಾಳೆ. ಮೂರು ಹೊತ್ತೂ ಅದನ್ನು ನೋಡಿಕೊಂಡೇ ಊಟ ಮಾಡಬೇಕು.

ನಲವತ್ತೊಂದು ವರ್ಷದಿಂದ ಈ ಅಳಿವೆ ದಾಟುತ್ತಿದ್ದೇನೆ. ನನ್ನ ಹತ್ತಿರ ಅಳತೆಯ ಹಗ್ಗವಿದೆ, ಹಗ್ಗದ ತುದಿಗೆ ಸೀಸದ ಗುಂಡಿದೆ, ಗುಂಡಿನ ತಳದ ಕುಳಿಯಲ್ಲಿ ಗ್ರೀಸ್ ಇದೆ. ಗುಂಡು ನೆಲ ಮುಟ್ಟಿದ್ದು ಅಂಗೈಗೆ ಗೊತ್ತಾಗುತ್ತದೆ. ಗ್ರೀಸಿಗೆ ಅಂಟಿ ಬಂದದ್ದು ಮರಳೋ ಕೆಸರೋ ಎಂದು ಕಣ್ಣಿಗೆ ಗೊತ್ತಾಗುತ್ತದೆ. ನಿನ್ನ ಸಾಧನ ಕೆಸರು ತಂದು ತೋರಿಸುತ್ತದೆಯೆ?

ಅದನ್ನು ಕೂರಿಸಲು ದೋಣಿಯ ತಳಕ್ಕೆ ತೂತು ಕೊರೆಯಬೇಕೆಂದು ಬಡಗಿ ಹೇಳಿದ. ನೀನು ಹುಟ್ಟಿದ ವರ್ಷ ನಾನೂ ಅವನೂ ಸೇರಿ ಕಟ್ಟಿದ ದೋಣಿ ಅದು. ಇಪ್ಪತ್ತೇಳು ವರ್ಷ ಒಂದು ಹನಿ ನೀರು ಒಳಗೆ ಬಾರದ ಹಾಗೆ ಕಾಪಾಡಿಕೊಂಡು, ಈಗ ನಾನೇ ಬಾಗಿಲು ತೆಗೆದು ಬಾ ಎಂದು ನೀರನ್ನು ಕರೆಯಬೇಕೇನು? ಆಗುವುದಿಲ್ಲ.

ನಿನ್ನ ಅಮ್ಮ ನೆಲ ಕುಟ್ಟುತ್ತಿದ್ದಾಳೆ, ಊಟಕ್ಕೆ. ಏಳುತ್ತೇನೆ.

ನಿನ್ನ ಅಪ್ಪ

(ಹಾಳೆಯ ಹಿಂದೆ, ಪೆನ್ಸಿಲಿನಲ್ಲಿ)

ಅಂಚೆಗೆ ಹಾಕೋಕೆ ಹೋಗ್ತಾ ಬರೀತಿದೀನಿ. ನವೆಂಬರ್‌ನಲ್ಲಿ ಜನ ಇದ್ದ ದೋಣಿ ಕೆಸರುದಿಬ್ಬಕ್ಕೆ ಹತ್ತಿ ಕೂತುಬಿಡ್ತು. ಉಬ್ಬರ ಬರೋವರೆಗೆ ಒಂದೂವರೆ ಗಂಟೆ ಹದಿನಾಲ್ಕು ಜನ ಹಾಗೇ ಕೂತಿದ್ರು. ದಿಬ್ಬ ಜಾಗ ಬದಲಾಯಿಸಿದೆ, ಇವರು ಚುಕ್ಕಾಣಿ ಹಿಡೀಬೇಕೋ ಹಗ್ಗ ಬಿಡ್ಬೇಕೋ? ಮುಂದೆ ನಿಂತು ನೋಡೋರು ಯಾರೂ ಇಲ್ಲ. ಯಾರೂ ಒಂದು ಮಾತು ಆಡಲಿಲ್ಲವಂತೆ, ಅದೇ ಇವರಿಗೆ ಚುಚ್ಚಿದೆ. ನಾನು ಹೇಳಿದೆ ಅಂತ ಹೇಳ್ಬೇಡ. – ಅಮ್ಮ


ಜನವರಿ 23

ಅಪ್ಪನಿಗೆ,

ನೀವು ಬೇಡ ಎಂದಿರಿ, ನಾನು ಕಳಿಸಿದೆ. ಈ ಗುಣ ಯಾರಿಂದ ಬಂತೆಂದು ಅಮ್ಮನನ್ನು ಕೇಳಿ. ಇಷ್ಟವಿಲ್ಲದಿದ್ದರೆ ಮೇಜಿನ ಮೇಲಿಡಿ, ಕಾಗದ ಹಾರದಂತೆ ಭಾರಕ್ಕಾದರೂ ಆಗುತ್ತದೆ.

ಕಂಚಿನದನ್ನೇ ಕಳಿಸಿದ್ದೇನೆ. ಮರ ನೀರು ಕುಡಿದು ಉಬ್ಬಿದರೆ ಪ್ಲಾಸ್ಟಿಕ್‌ನದು ಒಡೆದುಹೋಗುತ್ತದೆ.

ನಿಮ್ಮಿಂದ ಒಂದು ವಿಷಯ ತಿಳಿಯಬೇಕಿತ್ತು. ಇದನ್ನು ನೀರು ಗಲಾಟೆಯಿಲ್ಲದೆ ಹರಿಯುವ ಜಾಗದಲ್ಲಿ ಕೂರಿಸಬೇಕು. ನೀರಿನಲ್ಲಿ ಗುಳ್ಳೆಗಳಿದ್ದರೆ ಸದ್ದು ಅವನ್ನು ದಾಟಿ ಹೋಗುವುದಿಲ್ಲ. ನಿಮ್ಮಂಥ ದೋಣಿಯಲ್ಲಿ ಹಿಂಬದಿಯಿಂದ ಮೂರನೇ ಒಂದು ಭಾಗದಲ್ಲಿ ಕೂರಿಸಿದರೆ ಸರಿ ಎಂದು ನಮ್ಮ ಯಜಮಾನರು ಹೇಳುತ್ತಾರೆ. ನನಗೇನೋ ಅನುಮಾನ. ಆದರೆ ನಿಮ್ಮ ದೋಣಿಯ ಹೊಟ್ಟೆಯ ಕೆಳಗೆ ನೀರು ಹೇಗೆ ಹರಿಯುತ್ತದೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ.

ನಿಮ್ಮ ಮಗಳು


ಫೆಬ್ರವರಿ 9

ಮೊಂಡಿಗೆ,

ನಿಮ್ಮ ಯಜಮಾನರಿಗೆ ಹೇಳು, ಹಿಂಬದಿಯಿಂದ ಮೂರನೇ ಒಂದು ಭಾಗ ಎಂಬುದು ಶುದ್ಧ ತಪ್ಪು. ಅಲ್ಲಿ ಎಂಜಿನ್ ತಂಪಾಗಲೆಂದು ನೀರು ಹೀರುವ ಕೊಳವೆಯಿದೆ, ಅದರ ಹಿಂದೆಲ್ಲ ಗುಳ್ಳೆಯೋ ಗುಳ್ಳೆ. ಹೇಗೆ ಗೊತ್ತು ಎನ್ನುತ್ತೀಯಾ? ನೋಡಿದೆ.

ನಿನ್ನ ಪೊಟ್ಟಣ ಎಂಟು ದಿನ ಮೇಜಿನ ಮೇಲಿತ್ತು. ಒಂಬತ್ತನೆಯ ದಿನ ಬಿಚ್ಚಿದೆ. ಒಳಗೆ ಕಂಚಿನ ಅಣಬೆ. ಟೋಪಿ, ಕಾಂಡ, ಎಲ್ಲ ಸರಿಯಾಗಿ ಅಣಬೆಯೇ. ಕೈಯಲ್ಲಿ ಹಿಡಿದರೆ ಒಳ್ಳೆಯ ಭಾರ. ಮಾಡಿದವನಿಗೆ ಕೆಲಸ ಗೊತ್ತು.

ನಿನ್ನ ಪ್ರಶ್ನೆ ತಲೆಯಲ್ಲಿ ಹುಳ ಬಿಟ್ಟಂತಾಯಿತು. ನಿನ್ನ ಅಮ್ಮನ ಹತ್ತಿರ ಕೆಂಪು ಉಲ್ಲನ್ ದಾರ ಕೇಳಿದೆ. ನೀನು ಬಿಟ್ಟುಹೋದ ಕೆಂಪು ಸ್ವೆಟರಿನ ಒಂದು ತೋಳನ್ನೇ ಬಿಚ್ಚಿ ಕೊಟ್ಟಳು, ಬೈಯಬೇಡ. ಗೇಣುದ್ದದ ಅರವತ್ತು ಎಳೆ ಕತ್ತರಿಸಿ, ದೋಣಿಯ ತಳಕ್ಕೆ ಮುಂದಿನಿಂದ ಹಿಂದಿನವರೆಗೆ ಸಾಲಾಗಿ ರಾಳದಿಂದ ಅಂಟಿಸಿದೆ. ಬೆಳಗಿನ ಉಬ್ಬರದಲ್ಲಿ ನೀರು ತಿಳಿಯಾಗಿರುತ್ತದಲ್ಲ, ಆಗ ಬಡಗಿಯ ಕೈಗೆ ಚುಕ್ಕಾಣಿ ಕೊಟ್ಟು, ತಳಕ್ಕೆ ಗಾಜು ಕೂರಿಸಿದ ಡಬ್ಬಿ ಹಿಡಿದು ದೋಣಿಯ ಅಂಚಿನಿಂದ ತಲೆಕೆಳಗಾಗಿ ಬಗ್ಗಿ ನೋಡಿದೆ. ನಿನ್ನ ಅಮ್ಮ ನನ್ನ ಕಾಲು ಹಿಡಿದುಕೊಂಡಿದ್ದಳು. ಈ ಮದುವೆಯಲ್ಲಿ ಇದೂ ಒಂದು ಬಾಕಿ ಇತ್ತು ಎಂದು ಅವಳ ಮುಖವೇ ಹೇಳುತ್ತಿತ್ತು.

ಹಿಂದಿನ ಎಳೆಗಳು ಹುಚ್ಚು ಹಿಡಿದವರಂತೆ ಸುತ್ತುತ್ತಿದ್ದವು. ಮುಂದಿನವು ಅಲೆ ಬಡಿದು ಒದ್ದಾಡುತ್ತಿದ್ದವು. ನಡುವಿಗಿಂತ ಎರಡು ಮೊಳ ಮುಂದೆ, ಬಲಗಡೆ, ಆರು ಎಳೆಗಳು ಬಾಚಿದ ಕೂದಲಿನಂತೆ ಸುಮ್ಮನೆ ಮಲಗಿದ್ದವು. ಇಪ್ಪತ್ತೇಳು ವರ್ಷದಿಂದ ನನ್ನ ದೋಣಿಯಡಿ ಅಂಥ ನೆಮ್ಮದಿಯ ಜಾಗವಿದೆ, ನನಗೇ ಗೊತ್ತಿರಲಿಲ್ಲ. ಅದರ ನೇರಕ್ಕೆ ದೋಣಿಯೊಳಗೆ ಸೀಮೆಸುಣ್ಣದಲ್ಲಿ ಗುರುತು ಮಾಡಿದ್ದೇನೆ.

ಇನ್ನೊಂದು ಹೇಳಬೇಕು. ನವೆಂಬರಿನಲ್ಲಿ ದೋಣಿಯನ್ನು ದಿಬ್ಬಕ್ಕೆ ಹತ್ತಿಸಿದೆ, ಜನರಿದ್ದರು. ನರ್ಸಮ್ಮನಿಗೆ ಆ ದಿನ ಆಸ್ಪತ್ರೆಗೆ ತಡವಾಯಿತು. ಯಾರೂ ಬೈಯಲಿಲ್ಲ. ಬೈದಿದ್ದರೆ ನಿದ್ದೆ ಬರುತ್ತಿತ್ತು. ಹಾಗಾಗಿ ತೂತು ಕೊರೆಯುತ್ತೇನೆ. ಹೇಗೆಂದು ಬರೆ.

ಅಪ್ಪ


ಫೆಬ್ರವರಿ 16

ಅಪ್ಪನಿಗೆ,

ನಿಮ್ಮ ಅರವತ್ತು ಎಳೆಗಳ ಕಥೆ ಓದಿ ಯಜಮಾನರು ಕುರ್ಚಿಯಿಂದ ಎದ್ದು ನಿಂತರು. 'ನಿಮ್ಮಪ್ಪನಿಗೆ ಇಲ್ಲಿ ಕೆಲಸ ಕೊಡ್ತೀನಿ, ಬರ್ತಾರಾ ಕೇಳು' ಎಂದರು. ಸ್ವೆಟರಿನ ಇನ್ನೊಂದು ತೋಳೂ ನಿಮ್ಮದೇ.

ಈಗ ಕೆಲಸ. ಮೊದಲು ಒಳಗಿನಿಂದ ಸಣ್ಣ ತೂತು ಕೊರೆಯಿರಿ. ಆಮೇಲೆ ಹೊರಗಿನಿಂದ ಆ ತೂತನ್ನೇ ನಡುವಾಗಿಟ್ಟುಕೊಂಡು ದೊಡ್ಡದು ಮಾಡಿ. ತಳ ಅಲ್ಲಿ ಓರೆಯಾಗಿದೆ, ಅಣಬೆ ಮಾತ್ರ ನೆಟ್ಟಗೆ ಕೆಳಕ್ಕೆ ನೋಡಬೇಕು. ಅದಕ್ಕೆ ಅಷ್ಟೇ ಓರೆಯಾಗಿ ಸೀಳಿದ ಗಟ್ಟಿ ಮರದ ಎರಡು ತುಂಡು ಬೇಕು, ಒಂದು ಹೊರಗೆ, ಒಂದು ಒಳಗೆ. ತೂತಿನ ಒಳಮೈಗೆ ಕಳಿಸಿರುವ ಅಂಟನ್ನು ತಪ್ಪದೆ ಬಳಿಯಿರಿ. ನಟ್ಟನ್ನು ಕೈಯಲ್ಲಿ ತಿರುಗಿಸಿ, ಸ್ಪ್ಯಾನರಿನಲ್ಲಿ ಕಾಲು ಸುತ್ತು, ಅಷ್ಟೇ. ಉಳಿದ ಬಿಗಿಯನ್ನು ಮರವೇ ಉಬ್ಬಿ ಕೊಡುತ್ತದೆ.

ಇನ್ನೊಂದು ಹಾಳೆಯನ್ನು ಬೇರೆಯಾಗಿ ಇಟ್ಟಿದ್ದೇನೆ. ಒಬ್ಬರೇ ಇರುವಾಗ ಓದಿ.

(ಎರಡನೆಯ ಹಾಳೆ)

ನೀರು ಎರಡು ಮೀಟರಿಗಿಂತ ಕಡಿಮೆಯಾದರೆ ಪರದೆಯ ಪೆಟ್ಟಿಗೆ ಬೀಪ್ ಎನ್ನುತ್ತದೆ. ಆ ಸದ್ದಾದ ಐದು ಸೆಕೆಂಡಿನೊಳಗೆ ಚಾಲಕ ದೋಣಿ ತಿರುಗಿಸಬೇಕು ಎಂಬುದೇ ಪರೀಕ್ಷೆ. ನೋಟೀಸಿನ ಎರಡನೆಯ ಪುಟದಲ್ಲಿದೆ.

ಅಪ್ಪ, ನಾವು ಈ ವಿಷಯ ಎಂದೂ ಮಾತಾಡಿಲ್ಲ. ನೀವು ಫೋನಿಗೆ ಯಾಕೆ ಬರುವುದಿಲ್ಲವೆಂದು ನನಗೆ ಗೊತ್ತು. ಹತ್ತು ವರ್ಷದವಳಿದ್ದಾಗಿನಿಂದ ದೋಣಿಯ ಮುಂದೆ ನಿಂತು ಕೈಸನ್ನೆ ಮಾಡುತ್ತಿದ್ದೆ, ಯಾಕೆಂದು ಆಗಲೂ ಗೊತ್ತಿತ್ತು. ಈ ಕೆಲಸ ಕಲಿಯಲು ಹೋಗುತ್ತೇನೆ ಎಂದಾಗ ನೀವು ನಕ್ಕಿರಿ. ನನಗೆ ರೋಷ ಬಂತು. ಜನರೆದುರಿಗೆ, 'ಇವರಿಗೆ ಕಿವಿ ಕೇಳಿಸಲ್ಲ, ನಾನಿಲ್ದೆ ಈ ದೋಣಿ ಒಂದಡಿ ಮುಂದೆ ಹೋಗಲ್ಲ' ಎಂದು ಕೂಗಿದೆ. ನೀವು 'ಇಳಿ' ಎಂದಿರಿ, ಇಳಿದೆ. ಹೇಳಿದ್ದು ಸುಳ್ಳಲ್ಲ. ಆದರೆ ನಿಮ್ಮನ್ನು ಸೋಲಿಸಬೇಕೆಂದೇ ಹೇಳಿದೆ. ಅದಕ್ಕೆ ನನಗೆ ನಾಚಿಕೆಯಿದೆ, ಕ್ಷಮಿಸಿ.

ನಿಮ್ಮ ಮಗಳು


ಮಾರ್ಚ್ 3

ಮೊಂಡಿಗೆ,

ಕೊರೆದೆ. ಬಡಗಿ ತಾನು ಕೊರೆಯುತ್ತೇನೆ ಎಂದ, ನಾನು ಬಿಡಲಿಲ್ಲ. ದೋಣಿಯನ್ನು ದಡಕ್ಕೆ ಎಳೆದು, ಒಳಗೆ ಮಂಡಿಯೂರಿ ಕೂತು, ಸೀಮೆಸುಣ್ಣದ ಗುರುತಿನ ಮೇಲೆ ಬೈರಿಗೆ ಇಟ್ಟು, ಅಳತೆ ಸರಿಯಿದೆಯೇ ಎಂದು ಮೂರು ಸಲ ನೋಡಿದೆ. ಆಮೇಲೆ ಒತ್ತಿದೆ. ಮರದ ಪುಡಿ ಇನ್ನೂ ಹೊಸ ಮರದಂತೆ ಘಮಗುಟ್ಟುತ್ತಿತ್ತು. ತೂತಿನಿಂದ ಬಿಸಿಲು ಬಂದು ನನ್ನ ಅಂಗಿಯ ಮೇಲೆ ಬಿತ್ತು. ದೋಣಿಯ ತಳದಿಂದ ಬಿಸಿಲು ಬರುವುದನ್ನು ನೋಡುವುದು ಒಳ್ಳೆಯ ಅನುಭವವಲ್ಲ, ನಿನಗೆ ಹೇಳಿರುತ್ತೇನೆ.

ಉಳಿದದ್ದೆಲ್ಲ ನೀನು ಬರೆದಂತೆಯೇ. ಮರದ ತುಂಡುಗಳನ್ನು ಕೂದಲೆಳೆಯಷ್ಟೂ ಸಂದಿಯಿಲ್ಲದೆ ಕೂರಿಸಿದೆ. ನೀನು ಬರೆಯಲು ಮರೆತದ್ದನ್ನೂ ಮಾಡಿದೆ. ಅಣಬೆಯ ಟೋಪಿಗೆ ಮೂರು ಕೈ ತಳದ ಬಣ್ಣ ಹೊಡೆದೆ, ಒಂದೊಂದು ಕೈಗೂ ಒಂದೊಂದು ದಿನ ಒಣಗಿಸಿ. ಬರಿಮೈಯಲ್ಲಿ ನೀರಿಗಿಳಿಯುವುದು ನನ್ನ ದೋಣಿಯಲ್ಲಿ ಯಾವುದೂ ಇಲ್ಲ. ಈಗ ಎಲ್ಲಿ ದೋಣಿ, ಎಲ್ಲಿ ಅಣಬೆ ಎಂದು ನಿಮ್ಮ ಯಜಮಾನರು ಬಂದರೂ ಹೇಳಲಾರರು.

ನೀರಿಗಿಳಿಸಿದೆ. ಒಳಗೆ ಕೈಯಾಡಿಸಿ ನೋಡಿದೆ, ಒಂದು ಹನಿ ಇಲ್ಲ. ಎದೆಯುಬ್ಬಿತು. ಪರದೆ ಹಚ್ಚಿದರೆ, ಅಂಕಿ ಇರಬೇಕಾದ ಕಡೆ ಎರಡು ಗೆರೆ ಮಾತ್ರ ಮಿಣುಕುತ್ತಿವೆ. ನಾಲ್ಕು ದಿನದಿಂದ ಅದೇ ಎರಡು ಗೆರೆ. ಪರೀಕ್ಷೆ ಇಪ್ಪತ್ತೈದಕ್ಕೆ. ತೂತು ಕೊರೆದು ಕುರುಡನೊಬ್ಬನನ್ನು ಕೂರಿಸಿಕೊಂಡಂತಾಯಿತು.

ಎರಡನೆಯ ಹಾಳೆ ಓದಿದೆ. ಅದಕ್ಕೆ ಉತ್ತರ ಆಮೇಲೆ.

ಅಪ್ಪ


ಮಾರ್ಚ್ 6

ಅಪ್ಪ,

ಬಣ್ಣ ತೆಗೆಯಿರಿ. ಮೂರು ಕೈಯನ್ನೂ.

ತಪ್ಪು ನನ್ನದು. ಇಷ್ಟು ದಿನ ಕೂರಿಸಿದವರಲ್ಲಿ ಯಾರೂ ಅದಕ್ಕೆ ಬಣ್ಣ ಹೊಡೆದಿರಲಿಲ್ಲ, ಹಾಗಾಗಿ ಹೇಳಬೇಕೆಂದು ಹೊಳೆಯಲೇ ಇಲ್ಲ. ಆದರೆ ನನಗೆ ಹೊಳೆಯಬೇಕಿತ್ತು. ಚಿಕ್ಕಂದಿನಲ್ಲಿ ನನ್ನ ಮರದ ಬೊಂಬೆಯನ್ನು ಸ್ನಾನ ಮಾಡಿಸುತ್ತೇನೆಂದಾಗ ಅದಕ್ಕೂ ತಳದ ಬಣ್ಣ ಹೊಡೆದುಕೊಟ್ಟವರು ನೀವು. ಅಷ್ಟು ದಪ್ಪ ಬಣ್ಣದೊಳಗೆ ಕಣ್ಣಿಗೆ ಕಾಣದ ಗಾಳಿ ಸಿಕ್ಕಿಕೊಂಡಿರುತ್ತದೆ, ಸದ್ದು ಅಲ್ಲೇ ಸಾಯುತ್ತದೆ. ನೀವು ಅದರ ಬಾಯಿ ಕಿವಿ ಎರಡನ್ನೂ ಅಚ್ಚುಕಟ್ಟಾಗಿ ಮುಚ್ಚಿದ್ದೀರಿ.

ಉಳಿ ಬೇಡ, ಥಿನ್ನರ್ ಬೇಡವೇ ಬೇಡ. ನಯವಾದ ಮರಳುಕಾಗದವನ್ನು ನೀರಿನಲ್ಲಿ ಅದ್ದಿ ಕೈಯಲ್ಲೇ ಉಜ್ಜಿ. ಟೋಪಿಯ ಮೈ ಕಾಣುವವರೆಗೆ.

ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಈ ಆರು ವರ್ಷದಲ್ಲಿ ನಿಮ್ಮನ್ನು ನೆನೆದು ನಕ್ಕದ್ದು ಇದೇ ಮೊದಲು.

ಮೊಂಡಿ


ಮಾರ್ಚ್ 12

ಮೊಂಡಿ,

ನಾಲ್ಕು ಪಾಯಿಂಟ್ ಒಂದು.

ಇಳಿತದ ಹೊತ್ತಿಗೆ ದೋಣಿಯನ್ನು ದಡದಲ್ಲಿ ಓರೆಯಾಗಿಸಿ, ಕೆಸರಿನಲ್ಲಿ ಅಂಗಾತ ಮಲಗಿ ಎರಡು ಗಂಟೆ ಉಜ್ಜಿದೆ. ಕೆಂಪು ನೀರು ತೋಳಿನಿಂದ ಇಳಿದು ಕಂಕುಳಿಗೆ ಬರುತ್ತಿತ್ತು. ನೋಡಲು ಬಂದ ಬಡಗಿಗೆ ನಾನು ಗಾಯ ಮಾಡಿಕೊಂಡಿದ್ದೇನೆ ಎನಿಸಿ ಜೀವ ಬಾಯಿಗೆ ಬಂತಂತೆ. ಉಬ್ಬರ ಬಂತು, ದೋಣಿ ತೇಲಿತು, ಪರದೆ ಹಚ್ಚಿದೆ. ನಾಲ್ಕು ಪಾಯಿಂಟ್ ಒಂದು. ನಂಬಲಿಲ್ಲ. ಹಗ್ಗ ಬಿಟ್ಟೆ. ಹಗ್ಗವೂ ಅದನ್ನೇ ಹೇಳಿತು, ಬೆರಳಗಲದ ವ್ಯತ್ಯಾಸವಿಲ್ಲ. ಇನ್ನೊಂದು ಕಡೆ ಹೋದೆ, ಮೂರು ಪಾಯಿಂಟ್ ಆರು. ಹಗ್ಗ ಬಿಟ್ಟೆ, ಸರಿ. ಹೀಗೆ ಅಳಿವೆಯಿಡೀ ಅಲೆದೆ. ನವೆಂಬರಿನ ದಿಬ್ಬ ಈಗ ಎಲ್ಲಿದೆ ಎಂದು ಅದರ ಎರಡೂ ಕೊನೆ ಹಿಡಿದು ಗುರುತಿಸಿದೆ. ಮಧ್ಯಾಹ್ನದ ಊಟ ಮರೆತೆ. ನಿನ್ನ ಅಮ್ಮ ದಡದಲ್ಲಿ ನಿಂತು ಬಿಳಿ ಬಟ್ಟೆ ಬೀಸಬೇಕಾಯಿತು.

ಈಗ ಎರಡನೆಯ ಹಾಳೆ.

ನೀನು ಕೂಗಿದ್ದು ಆ ದಿನ ನನಗೆ ಕೇಳಿಸಲೇ ಇಲ್ಲ. ಕೂತಿದ್ದವರೆಲ್ಲ ಒಟ್ಟಿಗೆ ತಲೆ ತಗ್ಗಿಸಿದ್ದು ಕಂಡಿತು. ನೀನು ಏನು ಹೇಳಿರಬಹುದೆಂದು ಅದರಿಂದ ಗೊತ್ತಾಯಿತು. ಹೋಗುತ್ತೇನೆ ಎಂದಾಗ ನಾನು ನಕ್ಕದ್ದು ಹೆದರಿಕೆಯಿಂದ. ಕ್ಷಮೆ ಕೇಳಬೇಕಾದವನು ನಾನು, ಕೇಳುತ್ತಿದ್ದೇನೆ.

ನಲವತ್ತೊಂದು ವರ್ಷ ಡೀಸೆಲ್ ಎಂಜಿನ್ನಿನ ಪಕ್ಕದಲ್ಲಿ ಕೂತು ನನ್ನ ಎರಡು ಕಿವಿಯೂ ಹೋಗಿವೆ. ಈ ಒಂದು ಸಾಲು ಬರೆಯಲು ವಾರ ಹಿಡಿಯಿತು. ಪರೀಕ್ಷೆಯ ದಿನ ಆ ಪೆಟ್ಟಿಗೆ ಎಷ್ಟು ಬೇಕಾದರೂ ಕೂಗಿಕೊಳ್ಳಲಿ, ನನಗೆ ಕೇಳಿಸದು. ಆದರೆ ಅಂಗೈ ಸರಿಯಾಗಿದೆ. ಗುಂಡು ಕೆಸರು ಮುಟ್ಟಿದರೆ ಒಂದು ಥರ, ಮರಳು ಮುಟ್ಟಿದರೆ ಒಂದು ಥರ, ಇವತ್ತಿಗೂ ಗೊತ್ತಾಗುತ್ತದೆ. ಆ ಬೀಪ್ ಎನ್ನುವುದನ್ನು ಕೈಗೆ ಬರುವಂತೆ ಮಾಡಲು ಆಗುತ್ತದೆಯೆ?

ಅಪ್ಪ


ಮಾರ್ಚ್ 15

ಅಪ್ಪ,

ಆಗುತ್ತದೆ. ಎರಡು ದಿನ ಬೇರೆ ಯಾವ ಕೆಲಸಕ್ಕೂ ಕೈ ಹಾಕಲಿಲ್ಲ, ಯಜಮಾನರೂ ಹಾಕಿಸಲಿಲ್ಲ.

ಪೊಟ್ಟಣದಲ್ಲಿ ಹೆಬ್ಬೆರಳಿನಷ್ಟು ಸಣ್ಣ ಮೋಟಾರಿದೆ. ಚುಕ್ಕಾಣಿಯ ಹಿಡಿಯನ್ನು ತುದಿಯಿಂದ ಟೊಳ್ಳು ಮಾಡಿ ಒಳಗೆ ಕೂರಿಸಿ. ಎರಡು ತಂತಿಗಳನ್ನು ಪರದೆಯ ಹಿಂದಿನ ಹಳದಿ ತಿರುಪುಗಳಿಗೆ ಬಿಗಿಯಿರಿ. ಪೆಟ್ಟಿಗೆ ಬೀಪ್ ಎಂದಾಗ ಮೋಟಾರು ತಿರುಗುತ್ತದೆ. ಆದರೆ ಬರಿದೇ ತಿರುಗಿದರೆ ಕೈಗೆ ತಿಳಿಯುವುದಿಲ್ಲ. ಅದರ ತಿರುಗುವ ಕಡ್ಡಿಯ ಒಂದು ಪಕ್ಕಕ್ಕೆ ಮಾತ್ರ ಭಾರ ಕಟ್ಟಬೇಕು, ಆಗ ಇಡೀ ಹಿಡಿ ನಡುಗುತ್ತದೆ. ಇಲ್ಲಿ ಕಬ್ಬಿಣದ ಚೂರು ಕಟ್ಟಿ ನೋಡಿದೆ, ಸಾಲದು. ಸೀಸವಾದರೆ ಚೆನ್ನ. ಕಡಲೆಕಾಳಿನಷ್ಟು ಸಾಕು.

ನಿಮ್ಮ ಹತ್ತಿರ ಸೀಸ ಇರುವುದು ಒಂದೇ ಕಡೆ ಎಂದು ನನಗೆ ಗೊತ್ತು. ನಿಮ್ಮಿಷ್ಟ.

ಮೊಂಡಿ


ಮಾರ್ಚ್ 26

ನನ್ನ ಮೊಂಡಿಗೆ,

ಗೆದ್ದೆವು. ಮೊದಲು ಅದನ್ನು ಬರೆದುಬಿಡುತ್ತೇನೆ, ನೀನು ಕೊನೆಯ ಸಾಲಿಗೆ ಹಾರದೆ ನಿಧಾನವಾಗಿ ಓದಲಿ ಎಂದು.

ಸೀಸವನ್ನು ಅಳತೆಯ ಗುಂಡಿನಿಂದಲೇ ಕೊಯ್ದೆ. ಚಾಕುವಿಗೆ ಬೆಣ್ಣೆಯಂತೆ ಬಂತು, ನಾನು ಸುಮ್ಮನೆ ಹಿಂದೆ ಮುಂದೆ ನೋಡುತ್ತಿದ್ದೆ. ಕಡ್ಡಿಗೆ ಕಟ್ಟಿ ಹಿಡಿಯೊಳಗೆ ಕೂರಿಸಿ ಪರೀಕ್ಷಿಸಿದೆ. ಮೊದಲ ಸಲ ನಡುಗಿದಾಗ ಬೆಚ್ಚಿಬಿದ್ದು ಕೈ ತೆಗೆದೆ. ಹತ್ತನೆಯ ಸಲಕ್ಕೆ ಹಳೆಯ ಪರಿಚಯದಂತಾಯಿತು.

ನಿನ್ನೆ ಅಧಿಕಾರಿ ಬಂದರು. ಕನ್ನಡಕ, ಕೈಯಲ್ಲಿ ಗಡಿಯಾರ, ಕಂಕುಳಲ್ಲಿ ಪುಸ್ತಕ. ದೋಣಿಯಲ್ಲಿ ಎಂದಿನ ಜನ, ಜೊತೆಗೆ ನಿನ್ನ ಅಮ್ಮ. ನಾನು ಎಂಜಿನ್ ಹಚ್ಚಿದೆ. ಅವರು ಜೇಬಿನಿಂದ ಕರವಸ್ತ್ರ ತೆಗೆದು ಪರದೆಯನ್ನು ಮುಚ್ಚಿಬಿಟ್ಟರು. ಅಂಕಿ ನೋಡುವಂತಿಲ್ಲ, ಸದ್ದು ಕೇಳಿ ತಿರುಗಿಸಬೇಕು ಎಂದು ಬೆರಳಿನಲ್ಲಿ ಕಿವಿ ತೋರಿಸಿದರು. ನಿನ್ನ ಅಮ್ಮನ ಮುಖ ಬಿಳಿಚಿಕೊಂಡಿತು. ನಾನು ತಲೆಯಾಡಿಸಿದೆ.

ದಿಬ್ಬದ ಕಡೆಗೆ ನೇರವಾಗಿ ಹೋಗಲು ಹೇಳಿದರು. ಹೋದೆ. ನೀರು ನೋಡಲಿಲ್ಲ, ದಡ ನೋಡಲಿಲ್ಲ, ಅಂಗೈಯಲ್ಲೇ ಜೀವವಿಟ್ಟುಕೊಂಡು ಕೂತೆ. ಹಿಡಿ ನಡುಗಿತು. ಆ ಕ್ಷಣಕ್ಕೇ ತಿರುಗಿಸಿದೆ, ದೋಣಿ ದಿಬ್ಬದ ಅಂಚನ್ನು ಸವರಿಕೊಂಡು ಆಳಕ್ಕೆ ಬಂತು. ನೋಡಿದರೆ ಅಧಿಕಾರಿಯ ಮುಖ ಗಂಟಾಗಿದೆ. ಮುಂದಿನದನ್ನು ನಿನ್ನ ಅಮ್ಮ ಸ್ಲೇಟಿನ ಮೇಲೆ ಬರೆದು ತೋರಿಸಿದ್ದು.

'ಯಾಕ್ರೀ ತಿರುಗಿಸಿದ್ರಿ? ಸದ್ದೇ ಬರಲಿಲ್ವಲ್ಲ' ಎಂದರಂತೆ.

ಸದ್ದು ಬಂದಿತ್ತು. ಎಂಜಿನ್ನಿನ ಗದ್ದಲದಲ್ಲಿ ಅವರಿಗೆ ಕೇಳಿಸಿರಲಿಲ್ಲ. ಒಳ್ಳೆಯ ಎರಡು ಕಿವಿ ಇಟ್ಟುಕೊಂಡವರಿಗೆ ಕೇಳಿಸಿರಲಿಲ್ಲ, ತಿಳಿಯಿತೇ? ನಾನು ಎಂಜಿನ್ ಆರಿಸಿದೆ. ಎದ್ದು ನಿಂತೆ. ಎಲ್ಲರೆದುರಿಗೆ ಹೇಳಿದೆ.

'ನನಗೆ ಕಿವಿ ಕೇಳಿಸೋದಿಲ್ಲ ಸಾರ್, ಹದಿನೇಳು ವರ್ಷ ಆಯ್ತು. ಕೈಗೆ ಗೊತ್ತಾಗುತ್ತೆ. ನೀವೇ ಹಿಡಿದು ನೋಡಿ.'

ಅಧಿಕಾರಿಯನ್ನು ನನ್ನ ಜಾಗದಲ್ಲಿ ಕೂರಿಸಿ, ಅವರ ಕೈ ಮೇಲೆ ನನ್ನ ಕೈಯಿಟ್ಟು ಮತ್ತೆ ದಿಬ್ಬಕ್ಕೆ ಹೋದೆವು. ಹಿಡಿ ನಡುಗಿದಾಗ ಅವರು ಚಿಕ್ಕ ಮಕ್ಕಳ ಹಾಗೆ ನಕ್ಕರು. ಪುಸ್ತಕ ತೆಗೆದು ಉದ್ದಕ್ಕೆ ಬರೆದುಕೊಂಡರು. ಪರವಾನಗಿಗೆ ಅಲ್ಲೇ ಸಹಿಯಾಯಿತು. ಅಳಿವೆಯ ಉಳಿದ ಹನ್ನೊಂದು ದೋಣಿಗೂ ಇಂಥದೇ ಹಿಡಿ ಇರಬೇಕೆಂದು ಕಚೇರಿಗೆ ಬರೆಯುತ್ತಾರಂತೆ. ಮಾಡಿದ್ದು ಯಾರು ಎಂದು ಕೇಳಿದರು. 'ನನ್ನ ಮಗಳು' ಎಂದೆ. ಗಟ್ಟಿಯಾಗಿ ಹೇಳಿದೆನಂತೆ, ಆಚೆ ದಡಕ್ಕೂ ಕೇಳಿಸಿತೆಂದು ನಿನ್ನ ಅಮ್ಮ ಬರೆದಳು.

ಒಂದು ವಿಷಯ ಮಾತ್ರ ಸ್ವಲ್ಪ ನಾಚಿಕೆಯದು. ನನ್ನ ಗುಟ್ಟು ಹೇಳಿದ ಮೇಲೆ ಜನ ಏನೆನ್ನುತ್ತಾರೋ ಎಂದು ತಿರುಗಿ ನೋಡಿದೆ. ನೀನು ಅಂದು ಕೂಗಿದ್ದನ್ನು ಅವರು ಬರೀ ಕೋಪದ ಮಾತೆಂದು ಮರೆತಿರುತ್ತಾರೆ ಎಂದೇ ನಂಬಿದ್ದೆ. ನರ್ಸಮ್ಮ ಹತ್ತಿರ ಬಂದು, ಬಾಯಿ ಅಗಲ ಮಾಡಿ, ನನಗೆ ತಿಳಿಯುವ ಹಾಗೆ, 'ಅದು ನಮಗೆಲ್ಲ ಯಾವತ್ತಿಂದ್ಲೋ ಗೊತ್ತು' ಎಂದಳು. ಅವಳು ಇಳಿಯುವಾಗೆಲ್ಲ ನನ್ನ ಭುಜ ಮುಟ್ಟುತ್ತಾಳೆ, ಅದು ಅವಳ ಅಭ್ಯಾಸ ಎಂದುಕೊಂಡಿದ್ದೆ. ಎಲ್ಲರೂ ಹಾಗೆಯೇ ಮುಟ್ಟುತ್ತಿದ್ದರು. ಹದಿನೇಳು ವರ್ಷ ನಾನು ಅವರಿಂದ ಬಚ್ಚಿಟ್ಟೆ, ಅವರು ತಮಗೆ ಗೊತ್ತಿದೆ ಎಂಬುದನ್ನು ನನ್ನಿಂದ ಬಚ್ಚಿಟ್ಟರು.

ಈಗ ನಿನ್ನ ವಿಷಯ. ರಜೆ ಹಾಕಿ ಬಾ. ದೋಣಿಯ ಮುಂದೆ ನಿಲ್ಲುವುದು ಬೇಡ, ಆ ಕೆಲಸವನ್ನು ಅಣಬೆ ಮಾಡುತ್ತದೆ. ಹನ್ನೊಂದು ವರ್ಷ ನೀನು ನೀರು ನೋಡುತ್ತ ನಿಂತಿದ್ದೆ, ನಾನು ನಿನ್ನ ಬೆನ್ನನ್ನೇ ನೋಡಿದೆ. ಈ ಸಲ ನನ್ನ ಕಡೆಗೆ ತಿರುಗಿ ಕೂತುಕೋ. ನೀನು ಮಾತಾಡುವುದು ನನಗೆ ಮುಖ ನೋಡಿದರೆ ಮಾತ್ರ ತಿಳಿಯುತ್ತದೆ.

ಅಪ್ಪ


ಮಾರ್ಚ್ 30

ಅಪ್ಪ,

ಒಂಬತ್ತನೆಯ ತಾರೀಖು, ಬೆಳಗಿನ ಮೊದಲ ದೋಣಿ. ಹೇಳುವುದು ಆರು ವರ್ಷದಷ್ಟಿದೆ, ನಿಧಾನವಾಗಿ ನಡೆಸಿ. ಮುಖ ತೊಳೆದುಕೊಂಡು ಬರುತ್ತೇನೆ.

ನಿಮ್ಮ ಮೊಂಡಿ